ತಿಪ್ಪಿ ಘಾಟು ಹೊಡಿಯಾಕತ್ತೈತಿ ಅಂದ್ರ ಯೂರಿಯಾ ಹಾರಾಕತ್ತೈತಿ: ಹೆಂಡಿ ಗೊಬ್ಬರ ಕೂಡಿಡೋದು, ಹೊಲಕ್ಕ ಹಾಕೋದು ಹೆಂಗ

ಬೆಳಿಗ್ಗಿ ಐದಕ್ಕ ದನದ ಕೊಟ್ಟಿಗಿ ಬಾಗ್ಲಾ ತಗದ ಕೂಡ್ಲೇ ಮೂಗಿಗೆ ಬಡದು ಕಣ್ಣಾಗ ನೀರು ತರಸೋ ಘಾಟು ಐತಲ್ರಿ, ದನ ಕಟ್ಟಿದ ಮ್ಯಾಲ ಅದು ಇದ್ದದ್ದ ಅಂತ ನಾವು ಸುಮ್ನಾಗಿಬಿಡ್ತೀವಿ. ನಾನೂ ಹಂಗ ಇದ್ದೆ. ಗಂಗಾವತಿ ಕಡೆ ಕಾಲುವಿ ಕೆಳಗ ನಮ್ದು ನಾಕೆಕರೆ ನೆಲ್ಲಿನ ಗದ್ದಿ, ಮ್ಯಾಲ ಎರಡೆಕರೆ ಕೆಂಪು ಮಸಾರಿ ಹೊಲ, ಮನ್ಯಾಗ ಎರಡು ಎಮ್ಮಿ, ಒಂದು ಆಕಳ, ಒಂದು ಜೋಡಿ ಎತ್ತು. ಮುಂಗಾರಿನಾಗ ಆಧಾರ್ ಕಾರ್ಡ್ ಹಿಡ್ಕೊಂಡು ಪಾಳಿ ಹಚ್ಚಿ ನಿಂತು ಎರಡು ಚೀಲ ಯೂರಿಯಾ ತರೋದ್ರಾಗ ಸಾಕುಸಾಕಾಗಿರತೈತಿ, ಇತ್ಲಾಗ ಹಿತ್ತಲದಾಗ ಅದಽ ಸಾಮಾನು ದಿನಾ ಗಾಳಿಗೆ ಹಾರಿ ಹೋಗಾಕತ್ತಿರತೈತಿ.

ಬೇಕಾದ್ರ ಲೆಕ್ಕ ಹಾಕ್ರಿ. ಒಂದು ದೊಡ್ಡ ದನ ದಿನಕ್ಕ 8 ಲೀಟರ್ ಉಚ್ಚಿ ಹೊಯ್ಯತೈತಿ ಅಂತ ಇಟ್ಕೊಳ್ರಿ, ಅದರಾಗ ಸಾರಜನಕ ಶೇ. 1ರ ಆಸುಪಾಸು, ಅಂದ್ರ ದಿನಕ್ಕ 80 ಗ್ರಾಂ, ವರ್ಷಕ್ಕ 29 ಕೆಜಿ. ಯೂರಿಯಾದಾಗ ಸಾರಜನಕ ಶೇ. 46, ಅಂದ್ರ 45 ಕೆಜಿ ಚೀಲದಾಗ ಹೆಚ್ಚುಕಡಿಮಿ 21 ಕೆಜಿ. ಹಂಗಾದ್ರ ಒಂದು ದನದ ಉಚ್ಚಿಯೊಳಗ ವರ್ಷಕ್ಕ ಒಂದೂವರಿ ಚೀಲಕ್ಕ ಸ್ವಲ್ಪ ಕಮ್ಮಿ ಯೂರಿಯಾ ಐತಿ. ನಮ್ಮ ಐದು ದನಕ್ಕ ಏಳು ಚೀಲ ಆತು! ಹೆಂಡಿ ಬಾಚಿ ಬಾಚಿ ತಿಪ್ಪಿಗೆ ಒಗಿತೀವಿ, ಹೆಂಡಿಯಾಗ ಇರೋದು ಶೇ. 0.3ರಿಂದ 0.4 ಅಷ್ಟ, ಕಸುವು ಇರೋದು ಉಚ್ಚಿಯಾಗ, ಅದನ್ನ ನೆಲಕ್ಕ ಬಿಟ್ಟಿರ್ತೀವಿ.

ಹಾರೋ ಗ್ಯಾಸು ಒಂದಽ ಅಲ್ಲ, ನಾಕು ಅದಾವ. ಕಣ್ಣುರಿ ತರೋದು ಅಮೋನಿಯಾ, ಅದು ನಿಮ್ಮ ಕಿಸೆಕ್ಕ ಹೊಡಿಯೋದು. ಗಾಳಿ ಆಡದಂಗ ಒಳಗ ಕೊಳತ್ರ ಬರೋದು ಮೀಥೇನ್, ವಾಸನಿ ಇಲ್ಲ, ಗೋಬರ್ ಗ್ಯಾಸಿನಾಗ ಒಲಿ ಉರಿಸೋದು ಇದಽ; ನೂರು ವರ್ಷದ ಲೆಕ್ಕದಾಗ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಭೂಮಿ ಕಾಯಸತೈತಿ. ನೈಟ್ರಸ್ ಆಕ್ಸೈಡ್ ಬರೋದು ಸ್ವಲ್ಪ, ಆದ್ರ ಅದರ ಕಾವು 273 ಪಟ್ಟು, ಗೊಬ್ಬರ ಒಮ್ಮೆ ಹಸಿ ಒಮ್ಮೆ ಒಣ ಆಗೋ ಕಡೆ ಜಾಸ್ತಿ ಹುಟ್ಟತೈತಿ. ನಾಕನೇದು ಕೊಳೆತ ತತ್ತಿ ವಾಸನಿ ಹೈಡ್ರೋಜನ್ ಸಲ್ಫೈಡ್, ಅದು ಜೀವಾ ತಗೊಳ್ಳೋ ಗ್ಯಾಸು, ಅದರ ಮಾತು ಮುಂದ ಬೇರೆ ಹೇಳ್ತೀನಿ.

ಅಮೋನಿಯಾ ಹುಟ್ಟೋ ರೀತಿ ಗೊತ್ತಾದ್ರ ಅರ್ಧ ಕೆಲಸ ಮುಗದಂಗ. ಉಚ್ಚಿಯಾಗ ಇರೋದು ಯೂರಿಯಾನಽ, ಅದು ಒಂದಽ ಇದ್ರ ಅಷ್ಟು ಲಗೂನ ಹಾರಂಗಿಲ್ಲ. ಹೆಂಡಿಯಾಗ ಯೂರಿಯೇಸ್ ಅಂತ ಒಂದು ಕಿಣ್ವ ಇರತೈತಿ, ಉಚ್ಚಿ ಹೆಂಡಿಗೆ ಕೂಡಿತು ಅಂದ್ರ ತಾಸುಗಟ್ಲೆದಾಗ ಯೂರಿಯಾ ಒಡದು ಅಮೋನಿಯಾ ಆಗಾಕ ಚಾಲೂ. ಬಿಸಿಲು ಇದ್ರ ಜಾಸ್ತಿ, ಗಾಳಿ ಬೀಸಿದ್ರ ಜಾಸ್ತಿ, ಕ್ಷಾರ ಇದ್ರ ಇನ್ನೂ ಜಾಸ್ತಿ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಬ್ಯಾಸಗಿ ಅಂದ್ರ 40 ಡಿಗ್ರಿ ದಾಟೋ ಬಿಸಿಲು, ಕರಿ ಮಣ್ಣಿನ ಎರಿ ಭೂಮಿ ಮೊದ್ಲ ಸುಣ್ಣದ ಅಂಶ ಇರೋ ಕ್ಷಾರದ ನೆಲ, ಕಾಲುವಿ ಕೆಳಗ ಉಪ್ಪು ಏರಿದ ಸವಳು ಬ್ಯಾರೆ. ಮೂರೂ ನಮ್ಮ ಕಡೆನ ಕೂಡ್ಯಾವ ನೋಡ್ರಿ.

ನಂಬಿಕಿ ಬರ್ಲಿಲ್ಲಂದ್ರ ಮನ್ಯಾಗ ಪರೀಕ್ಷೆ ಮಾಡ್ರಿ, ಖರ್ಚಿಲ್ಲ. ಆರತಿಗೆ ಓಕಳಿ ಮಾಡುವಾಗ ಅರಿಷಿಣದ ನೀರಿಗೆ ಸುಣ್ಣ ಹಾಕಿದ್ರ ಕೆಂಪಾಗತೈತಲ್ಲ, ಅದಽ ಆಟ. ಮುಚ್ಚಳ ಇರೋ ಎರಡು ಪ್ಲಾಸ್ಟಿಕ್ ಡಬ್ಬಿ ತಗೊಂಡು ಎರಡಕ್ಕೂ ಒಂದೊಂದು ಮುಷ್ಟಿ ಹಸಿ ಹೆಂಡಿ, ಒಂದೊಂದು ಲೋಟ ಉಚ್ಚಿ ಹಾಕ್ರಿ, ಒಂದು ಡಬ್ಬಿಗೆ ಮಾತ್ರ ಒಂದು ಹಿಡಿ ಒಲಿ ಬೂದಿ ಹಾಕ್ರಿ, ಆಮ್ಯಾಲ ಅರಿಷಿಣದ ನೀರಾಗ ಅದ್ದಿದ ಬಿಳಿ ಬಟ್ಟಿ ಚೂರು ಹಸಿ ಇರುವಾಗನ ಮುಚ್ಚಳದಿಂದ ಜೋತು ಬಿಟ್ಟು, ಕೆಳಗಿನ ಹೆಂಡಿಗೆ ತಾಗದಂಗ ನೋಡ್ಕೊಂಡು ಮುಚ್ಚಿಡ್ರಿ. ಹಳದಿ ಬಟ್ಟಿ ಕಂದು ಕೆಂಪಿಗೆ ತಿರಗಿದ್ರ ಅದು ಅಮೋನಿಯಾ ಕೆಲಸ. ಬೂದಿ ಹಾಕಿದ ಡಬ್ಬಿದು ಮೊದ್ಲ ತಿರಗತೈತಿ, ಅದನ್ನ ನೋಡೇ ನಮ್ಮವ್ವ ಬೂದಿ ವಿಷಯದಾಗ ನನ್ನ ಮಾತು ಒಪ್ಪಿದ್ದು.

ಹೌದ್ರಿ, ಬೂದಿ. ಇದು ನಮ್ಮ ಕಡೆ ಎಲ್ಲಾರೂ ಮಾಡೋ ತಪ್ಪು. ಒಲಿ ಬೂದಿ ದಿನಾ ಬೆಳಿಗ್ಗಿ ಎಲ್ಲಿ ಹೋಗತೈತಿ? ತಿಪ್ಪಿಗೆ. ಬೂದಿ ಗೊಬ್ಬರಕ್ಕ ಚಲೋ ಅಂತ ಹಿರ್ಯಾರು ಹೇಳಿದ್ದು ಸುಳ್ಳಲ್ಲ, ಪೊಟ್ಯಾಷ್ ಐತಿ, ಆದ್ರ ಕಟ್ಟಿಗಿ ಬೂದಿ ಖಡಕ್ ಕ್ಷಾರ, ಹಸಿ ಹೆಂಡಿ ಉಚ್ಚಿ ಕೂಡ ಬೆರತ್ರ ಇದ್ದ ಸಾರಜನಕದಾಗ ಬಾಳಷ್ಟನ್ನ ಅಮೋನಿಯಾ ಮಾಡಿ ಓಡಿಸತೈತಿ. ಸುಣ್ಣನೂ ಅಷ್ಟ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ರೈಸ್ ಮಿಲ್ ಬೂದಿ ಪುಕ್ಕಟೆ ಸಿಗತೈತಿ ಅಂತ ಟ್ರ್ಯಾಲಿಗಟ್ಲೆ ತಂದು ತಿಪ್ಪಿಗೆ ಸುರಿಯೋರು ಅದಾರ, ಸುರೀಬ್ಯಾಡ್ರಿ. ಬೂದಿನ ಒಂದು ಮೂಲ್ಯಾಗ ಬ್ಯಾರೆ ಇಡ್ರಿ, ಮಸಾರಿ ಹೊಲಕ್ಕ ಬೇಕಂದ್ರ ಗೊಬ್ಬರ ಹಾಕಿ ಹರಗಿ ಒಂದು ತಿಂಗಳ ಬಿಟ್ಟು ಸ್ವಲ್ಪ ಚೆಲ್ರಿ, ಎರಿ ಭೂಮಿಗೆ, ಸವಳು ಭೂಮಿಗೆ ಅದು ಬ್ಯಾಡಽ ಬ್ಯಾಡ.

ಕೊಟ್ಟಿಗಿಯಿಂದ ಶುರು ಮಾಡ್ರಿ

ತಿಪ್ಪಿ ಬಗ್ಗೆ ಎಷ್ಟು ತಲಿ ಕೆಡಿಸ್ಕೊಂಡ್ರೂ ಅಷ್ಟರೊಳಗ ಕೊಟ್ಟಿಗ್ಯಾಗ ಅರ್ಧ ಹೋಗಿರತೈತಿ. ಎರಡು ದಾರಿ ಅದಾವ. ನೆಲ ಕಾಂಕ್ರೀಟೋ ಬಂಡಿಯೋ ಹಾಕಿದ್ರ ಹಿಂದಕ್ಕ ಸಣ್ಣಗ ಇಳಿಜಾರು ಕೊಟ್ಟು ಒಂದು ಮೋರಿ ಮಾಡಿ, ಮೋರಿ ತುದಿಗೆ ಮುಚ್ಚಳ ಇರೋ ಡ್ರಮ್ಮು ಹೂಳ್ರಿ, ಉಚ್ಚಿ ಬ್ಯಾರೆ ಹೆಂಡಿ ಬ್ಯಾರೆ ಆತು ಅಂದ್ರ ಕಿಣ್ವ ಕೂಡೋದು ತಪ್ಪಿತು. ಡ್ರಮ್ಮಿನ ಉಚ್ಚಿ ದಿನಾ ತಗದು ಒಂದಕ್ಕ ಹತ್ತು ನೀರು ಕೂಡಿಸಿ ಹಿತ್ತಲ ಗಿಡದ ಬುಡಕ್ಕ ಹಾಕಿ ಮಣ್ಣು ಎಳೀರಿ, ಇಲ್ಲಂದ್ರ ತಿಪ್ಪಿ ತೆಗ್ಗಿನ ಒಣ ಹುಲ್ಲಿನ ಮ್ಯಾಲ ಸುರೀರಿ.

ನೆಲ ಮಣ್ಣಿಂದು ಇದ್ರ, ನಮ್ಮದೂ ಅದಽ, ಉಚ್ಚಿ ಹೀರೋ ಸಾಮಾನು ಹಾಸಬೇಕು. ನೆಲ್ಲಿನ ಹುಲ್ಲು, ಶೇಂಗಾ ಹೊಟ್ಟು, ದನ ತಿಂದು ಬಿಟ್ಟ ಜೋಳದ ಕಣಿಕಿ, ಏನಿದ್ರ ಅದು. ಮಷೀನ್ ಕೊಯ್ದ ಮ್ಯಾಲ ಗದ್ದ್ಯಾಗ ಹುಲ್ಲಿಗೆ ಬೆಂಕಿ ಹಚ್ಚಿ ಊರು ತುಂಬ ಹೊಗಿ ಮಾಡೋ ಬದ್ಲಿ ಎರಡು ಟ್ರ್ಯಾಲಿ ತಂದು ಒಟ್ಟಿದ್ರ ವರ್ಷಪೂರ್ತಿ ಹಾಸಾಕ ಸಾಕು. ಹುಲ್ಲು ಬರೀ ಹೀರೋದಷ್ಟ ಅಲ್ಲ, ಹುಲ್ಲಿನಾಗ ಇಂಗಾಲ ಜಾಸ್ತಿ, ಕೊಳೆಸೋ ಜೀವಾಣು ಆ ಇಂಗಾಲ ತಿನ್ನಾಕ ಅಂತ ಅಮೋನಿಯಾ ಹಿಡ್ಕೊಂಡು ತಮ್ಮ ಮೈಯಾಗ ಇಟ್ಕೋತಾವ. ಹುಲ್ಲು ಇಲ್ಲಂದ್ರ ಒಣ ಮಣ್ಣು ಎರಡು ಬುಟ್ಟಿ ಚೆಲ್ರಿ, ಕೆರಿ ಮಣ್ಣು ಸಿಕ್ರ ಭಾರಿ ಚಲೋ, ಸವಳು ಮಣ್ಣು ಮಾತ್ರ ಬ್ಯಾಡ. ಹಸಿ ಆದದ್ದನ್ನ ದಿನಾ ಬಾಚಿ ತಿಪ್ಪಿಗೆ ಹಾಕ್ರಿ, ಮೂರು ದಿನಕ್ಕೊಮ್ಮೆ ಅಂತ ಬಿಟ್ರ ಕರುಗಳಿಗೆ ಕೆಮ್ಮು ಹತ್ತೋದು ಇದಽ ಘಾಟಿಗೆ.

ಇನ್ನೊಂದು, ಸಿಂಗಲ್ ಸೂಪರ್ ಫಾಸ್ಫೇಟ್, ಅಂದ್ರ ರಂಜಕದ ಗೊಬ್ಬರ. ಬಾಚಿದ ಮ್ಯಾಲ ಹಸಿ ಜಾಗಾದಾಗ ಒಂದೆರಡು ಹಿಡಿ ಉದುರಿಸಿದ್ರ ಅದರ ಹುಳಿಗುಣ ಅಮೋನಿಯಾನ ಹಿಡಿದಿಡತೈತಿ, ಹೆಂಗೂ ಬಿತ್ತನಿಗೆ ರಂಜಕ ಹಾಕೋದ ಐತಿ, ತಿಪ್ಪಿ ಮೂಲಕ ಹೋದ್ರ ಏನು ನಷ್ಟ. ಶೇಂಗಾಕ್ಕ, ಸವಳು ಭೂಮಿಗೆ ಅಂತ ತಂದ ಜಿಪ್ಸಮ್ ಉಳಿದಿದ್ರ ಅದೂ ನಡೀತೈತಿ. ಆದ್ರ ನೆನಪಿಡ್ರಿ, ಎರಡರಾಗೂ ಗಂಧಕ ಐತಿ, ಗಾಳಿ ಇಲ್ಲದ ನೀರು ತೆಗ್ಗಿಗೆ, ಗೋಬರ್ ಗ್ಯಾಸಿಗೆ ಇವು ಬಿದ್ರ ಕೊಳೆತ ತತ್ತಿ ಗ್ಯಾಸು ಹೆಚ್ಚಾಗತೈತಿ. ಗ್ಯಾಸ್ ಪ್ಲಾಂಟ್ ಇದ್ದೋರು ಇವನ್ನ ಕೊಟ್ಟಿಗ್ಯಾಗ ಮುಟ್ಟಬ್ಯಾಡ್ರಿ.

ತಿಪ್ಪಿ: ಗುಡ್ಡಿ ಮಾಡೋದೋ ತೆಗ್ಗು ತೋಡೋದೋ

ಇಲ್ಲಿ ಒಂದು ಜಗ್ಗಾಟ ಐತಿ, ಅದನ್ನ ಮುಚ್ಚಿಟ್ಟು ಹೇಳೋದು ಸರಿ ಅಲ್ಲ. ತೆಗ್ಗಿನಾಗ ಒತ್ತಿ ಮುಚ್ಚಿದ್ರ ಅಮೋನಿಯಾ ಉಳೀತೈತಿ, ಆದ್ರ ಒಳಗ ಗಾಳಿ ಇಲ್ಲದ್ದಕ್ಕ ಮೀಥೇನ್ ಹುಟ್ಟತೈತಿ. ಮ್ಯಾಲ ಗುಡ್ಡಿ ಮಾಡಿ ಆಗಾಗ ತಿರುವಿದ್ರ ಮೀಥೇನ್ ಕಮ್ಮಿ, ಆದ್ರ ತಿರುವಿದಾಗೊಮ್ಮೆ ಬಿಸಿ ಹೊಗಿ ಕೂಡ ಅಮೋನಿಯಾ ಹೋಗತೈತಿ. ನಾನು ರೈತ, ನನಗ ಮೊದ್ಲು ಸಾರಜನಕ ಉಳೀಬೇಕು, ಹಂಗಂತ ನೀರು ನಿಲ್ಲೋ ತೆಗ್ಗು ಮಾಡಿ ಕೆಸರು ಕೊಳಸೋದು ಬ್ಯಾಡ, ಅದರಾಗ ಮೀಥೇನೂ ಬರತೈತಿ, ಗೊಬ್ಬರನೂ ಕೆಡತೈತಿ. ನಡುವಿನ ದಾರಿ ಹಿಡೀರಿ: ಹುಲ್ಲು ಜಾಸ್ತಿ, ನೀರು ಹದ, ಮ್ಯಾಲ ಮುಚ್ಚಳ.

ತೆಗ್ಗು 20 ರಿಂದ 25 ಫೂಟು ಉದ್ದ, 5 ರಿಂದ 6 ಫೂಟು ಅಗಲ, 3 ಫೂಟು ಆಳ. ನಾಕೈದು ದನಕ್ಕ ಇಂಥಾವು ಎರಡು ಇದ್ರ ಒಂದು ತುಂಬೋದ್ರಾಗ ಇನ್ನೊಂದು ಮಾಗತೈತಿ. ಎತ್ತರದ ಜಾಗಾ ನೋಡ್ರಿ, ಮಳಿ ನೀರು ಒಳಗ ಬರದಂಗ ಸುತ್ತ ಒಡ್ಡು ಹಾಕ್ರಿ, ಆದಷ್ಟು ಬೇವಿನ ಗಿಡದ ನೆಳ್ಳಿಗೆ ಮಾಡ್ರಿ. ಬಾವಿ, ಬೋರಿಂದ ದೂರ ಇರ್ಲಿ. ಮಳ್ಯಾಗ ತಿಪ್ಪಿಯಿಂದ ಹರಿಯೋ ಕರೀ ನೀರು ಐತಲ್ಲ, ಅದೂ ಗೊಬ್ಬರನ.

ತುಂಬೋದು ಪೂರ್ತಿ ತೆಗ್ಗಿಗೆ ಹರವಿಕೊಂಡು ಅಲ್ಲ, ಎಲ್ಲಾರೂ ಮಾಡೋ ಇನ್ನೊಂದು ತಪ್ಪು ಇದು, ಇಪ್ಪತ್ತು ಫೂಟು ಉದ್ದಕ್ಕ ದಿನಾ ತೆಳ್ಳಗ ಚೆಲ್ಲಿದ್ರ ದಿನಾ ಇಪ್ಪತ್ತು ಫೂಟಿನ ಹಸಿ ಮೈ ಬಿಸಿಲಿಗೆ ಒಡ್ಡಿದಂಗ. ಒಂದು ಕಡಿಂದ 3 ಫೂಟು ಹಿಡ್ಕೊಂಡು ಅದನ್ನಷ್ಟ ತುಂಬ್ರಿ, ನೆಲದ ಮ್ಯಾಲ ಒಂದೂವರಿ ಎರಡು ಫೂಟು ಏರಿದ ಮ್ಯಾಲ ತಲಿ ಗುಂಡಗ ಮಾಡಿ ಮಣ್ಣು ಹೆಂಡಿ ಕಲಸಿ ಮೆತ್ತಿಬಿಡ್ರಿ, ಆಮ್ಯಾಲ ಮುಂದಿನ 3 ಫೂಟು. ದಿನದ ಹೆಂಡಿ ಹಾಕಿದ ಕೂಡ್ಲೇ ಅದರ ಮ್ಯಾಲ ಒಂದು ಬುಟ್ಟಿ ಒಣ ಹುಲ್ಲೋ ಮಣ್ಣೋ ಬೀಳಬೇಕು, ಇಷ್ಟು ಮಾಡಿದ್ರೂ ಸಾಕು ಘಾಟು ಅರ್ಧಕ್ಕ ಇಳಿದದ್ದು ನಿಮ್ಮ ಮೂಗಿಗೇ ಗೊತ್ತಾಗತೈತಿ. ಮೆತ್ತಿದ ಮ್ಯಾಲ ನಾಕೈದು ತಿಂಗಳಿಗೆ ಗೊಬ್ಬರ ತಯಾರ.

ತೆಗ್ಗು ತೋಡಾಕ ಆಗದೋರು, ಎರಿ ಭೂಮ್ಯಾಗ ನೀರು ನಿಲ್ತೈತಿ ಅನ್ನೋರು, ಮ್ಯಾಲಿನ ಗುಡ್ಡೀನಽ ಮಾಡ್ರಿ, ಆದ್ರ ಹರಕು ತಾಡಪಾಲು ಆದ್ರೂ ಹೊಚ್ರಿ. ಇಲೆಕ್ಷನ್ ಮುಗದ ಮ್ಯಾಲ ಬಿದ್ದಿರೋ ಫ್ಲೆಕ್ಸ್ ಬ್ಯಾನರ್ ಇದಕ್ಕ ಬಾಳ ಉಪಯೋಗ, ನಮ್ಮ ತಿಪ್ಪಿ ಮ್ಯಾಲ ಎರಡು ಪಾರ್ಟಿ ಲೀಡರ್ರೂ ಕೈ ಮುಗಕೊಂಡು ಮಲಗ್ಯಾರ. ಹದ ನೋಡಾಕ ಒಂದು ಮುಷ್ಟಿ ಹಿಂಡ್ರಿ, ಬೆಳ್ಳ ಸಂದ್ಯಾಗ ಒಂದೆರಡು ಹನಿ ಒಸರಿದ್ರ ಸರಿ, ಸೋರಿದ್ರ ನೀರು ಜಾಸ್ತಿ, ಹುಲ್ಲು ಸೇರಿಸ್ರಿ. ಕಾವು ನೋಡಾಕ ಕಬ್ಬಿಣದ ಸಳಿ ಹತ್ತು ನಿಮಿಷ ಚುಚ್ಚಿ ತಗೀರಿ, ಹಿಡಿಯಾಕ ಆಗದಷ್ಟು ಬಿಸಿ ಅಂದ್ರ ಒಳಗ ಕೆಲಸ ನಡದೈತಿ, ಆ ಬಿಸ್ಯಾಗ ತಿರುವಾಕ ಹೋಗಬ್ಯಾಡ್ರಿ, ಕಾವು ಇಳಿದ ಮ್ಯಾಲ ತಂಪು ಹೊತ್ನ್ಯಾಗ ಒಂದ್ಸಲ ತಿರುವಿ ಮತ್ತ ಹೊಚ್ಚಿಬಿಡ್ರಿ.

ಗೋಬರ್ ಗ್ಯಾಸು ಇದ್ದೋರಿಗೆ

ಮೀಥೇನ್ ಜಗ್ಗಾಟ ಬಗೀಹರಿಯೋದು ಇಲ್ಲೇ, ಹೆಂಗೂ ಹುಟ್ಟೋ ಗ್ಯಾಸು ಒಲ್ಯಾಗ ಉರದು ಹೋಗತೈತಿ. ದಿನಕ್ಕ 2 ಘನ ಮೀಟರ್ ಗ್ಯಾಸಿನ ಪ್ಲಾಂಟಿಗೆ 50 ಕೆಜಿ ಹೆಂಡಿ, ಅಷ್ಟಽ ನೀರು ಬೇಕು, ನಾಕೈದು ದನ ಇದ್ರ ಆತು, ನಾಕೈದು ಮಂದಿ ಅಡಿಗಿ ನಡೀತೈತಿ. ಎರಡು ಮಾತು. ಒಂದು, ಪೈಪಿನ ಜಾಯಿಂಟಿಗೆ ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳಿ ಬರ್ತಾವೇನು ನೋಡ್ರಿ, ಗ್ಯಾಸು ಜಾಸ್ತಿ ಆತು ಅಂತ ವಾಲ್ವ್ ಬಿಚ್ಚಿ ಗಾಳಿಗೆ ಬಿಡಬ್ಯಾಡ್ರಿ, ಒಲಿ ಹಚ್ಚಿ ದನಕ್ಕ ನೀರಾದ್ರೂ ಕಾಯಿಸ್ರಿ. ಎರಡು, ಹೊರಗ ಬರೋ ಸ್ಲರಿಯಾಗ ಸಾರಜನಕ ಬಾಳಷ್ಟು ಅಮೋನಿಯಾ ರೂಪಕ್ಕ ಬಂದುಬಿಟ್ಟಿರತೈತಿ, ಅದನ್ನ ಬಿಸಿಲಿಗೆ ಹರವಿ ಒಣಗಿಸಿದ್ರ ಉಳಿಯೋದು ಬರೀ ಹೊಟ್ಟು. ಸ್ಲರಿ ತೆಗ್ಗಿಗೆ ಒಣ ಹುಲ್ಲು ತುಂಬಿ ಅದಕ್ಕ ಹೀರಿಸ್ರಿ, ಇಲ್ಲಾ ಸಂಜಿಮುಂದ ಹೊಲಕ್ಕ ಹಾಯಿಸೋ ನೀರಿನಾಗ ಬೆರೆಸಿ ಬಿಡ್ರಿ.

ಈಗ ಆ ಕೊಳೆತ ತತ್ತಿ ಗ್ಯಾಸು. ಗ್ಯಾಸ್ ಪ್ಲಾಂಟು, ಸ್ಲರಿ ತೆಗ್ಗು, ಮುಚ್ಚಿದ ಗಟಾರ, ಯಾವುದಕ್ಕೂ ಇಳೀಬ್ಯಾಡ್ರಿ. ಇದು ಗಾಳಿಗಿಂತ ಭಾರ, ತಳದಾಗ ಕುಂತಿರತೈತಿ, ಸ್ಲರಿ ಕದಡಿದಾಗ ಒಮ್ಮಿಂದೊಮ್ಮೆ ಏಳತೈತಿ. ಸ್ವಲ್ಪ ಇದ್ದಾಗ ವಾಸನಿ ಬರತೈತಿ, ಜಾಸ್ತಿ ಆತು ಅಂದ್ರ ಮೂಗಿನ ಶಕ್ತಿನಽ ಸಾಯಸತೈತಿ, ವಾಸನಿ ಹೋತು ಇನ್ನ ಚಿಂತಿಲ್ಲ ಅಂತ ಇಳಿದೋರು ಎರಡು ಉಸಿರಿಗೆ ಬೀಳ್ತಾರ. ಅವರನ್ನ ಎತ್ತಾಕ ಅಂತ ಅಣ್ಣ ಇಳೀತಾನ, ಅಪ್ಪ ಇಳೀತಾನ, ಒಂದಽ ಮನಿಯಿಂದ ಮೂರು ಹೆಣ ಏಳೋದು ಹಿಂಗಽ. ಯಾರಾದ್ರೂ ಬಿದ್ರ ಇಳೀಬ್ಯಾಡ್ರಿ, ಹಗ್ಗ ಕೊಕ್ಕೆ ಹಾಕಿ ಮ್ಯಾಲಿಂದನ ಎಳಿಯಾಕ ನೋಡ್ರಿ, 112ಕ್ಕ ಫೋನ್ ಮಾಡ್ರಿ. ಪ್ಲಾಂಟ್ ಹತ್ರ ಬೀಡಿ, ಕಡ್ಡಿಪೆಟ್ಟಿಗಿ, ಕಂದೀಲು ಬ್ಯಾಡ, ಗಾಳ್ಯಾಗ ಮೀಥೇನ್ ಶೇ. 5ರಿಂದ 15 ಕೂಡಿದ್ರ ಕಿಡಿಗೆ ಸಿಡೀತೈತಿ.

ಹೊಲಕ್ಕ ಹಾಕೋ ದಿನ

ಯುಗಾದಿ ಮುಗೀತು ಅಂದ್ರ ನಮ್ಮ ಕಡೆ ತಿಪ್ಪಿ ಹೇರೋದು ಶುರು. ಟ್ರ್ಯಾಲಿ ತಂದು ಹೊಲದ ತುಂಬ ಸಣ್ಣ ಸಣ್ಣ ಗುಂಪಿ ಹಾಕ್ತೀವಿ, ಆ ಗುಂಪಿ ಏಪ್ರಿಲ್, ಮೇ ಎರಡು ತಿಂಗಳ ಬಿಸಿಲು ತಿಂದು ರೋಹಿಣಿ ಮಳಿ ಬರೋತನಕ ಹಂಗಽ ಕುಂತಿರ್ತಾವ. ನಾನೂ ಹತ್ತು ವರ್ಷ ಹಂಗ ಮಾಡೀನಿ, ಟ್ರ್ಯಾಕ್ಟರ್ ಬಾಡಿಗಿ ಬ್ಯಾಸಗ್ಯಾಗ ಅಗ್ಗ ಅಂತ. ಹೇರೋದು ಹೇರ್ರಿ, ಆದ್ರ ಹೊಲದ ಬದುವಿಗೆ ಒಂದಽ ದೊಡ್ಡ ಗುಡ್ಡಿ ಮಾಡಿ ಮಣ್ಣು ಮುಚ್ಚಿ ಇಡ್ರಿ. ಚೆಲ್ಲೋದು ಹರಗೋ ದಿನಾನ. ಅಮೋನಿಯಾ ಹೋಗೋದ್ರಾಗ ಬಾಳಷ್ಟು ಮೊದಲಿನ ಕೆಲವು ತಾಸಿನಾಗ ಹೋಗಿಬಿಡತೈತಿ, ನಾಳೆ ಹರಗ್ತೀನಿ ಅನ್ನೋದ್ರಾಗ ಆಟ ಮುಗದಿರತೈತಿ. ಪೂರ್ತಿ ಮಾಗಿದ ಗೊಬ್ಬರಕ್ಕ ಈ ಹೊಡೆತ ಕಮ್ಮಿ, ಅರೆ ಹಸಿ ಗೊಬ್ಬರಕ್ಕ, ಕೋಳಿ ಗೊಬ್ಬರಕ್ಕ, ಸ್ಲರಿಗೆ ಬಾಳ.

ಹಂಗಾಗಿ ಸಂಜಿ ನಾಕರ ಮ್ಯಾಲ ಚಾಲೂ ಮಾಡ್ರಿ, ಗಾಳಿ ಜೋರು ಇರೋ ದಿನ ಬ್ಯಾಡ, ಮುಂದ ಗೊಬ್ಬರ ಚೆಲ್ಲೋರು ಹಿಂದ ಕುಂಟಿ. ಒಂದು ಅಡ್ಡ ಮುಗದ ಕೂಡ್ಲೇ ಹರಗಬೇಕು, ರೋಟಾವೇಟರ್ ಆದ್ರೂ ಸರಿ, ಎತ್ತಿನ ಕುಂಟಿ ಆದ್ರೂ ಸರಿ, ಮೂರು ನಾಕು ಇಂಚು ಮಣ್ಣಾಗ ಸೇರಿದ್ರ ಸಾಕು. ಎಷ್ಟು ಹಾಕಬೇಕು ಅಂದ್ರ ನೀರಾವರಿ ನೆಲ್ಲಿಗೆ ಹೆಕ್ಟೇರಿಗೆ 10 ಟನ್, ಅಂದ್ರ ಎಕರೆಗೆ 4 ಟನ್. ಒಂದು ಟನ್ ಚಲೋ ಕೊಟ್ಟಿಗಿ ಗೊಬ್ಬರದಾಗ 5 ಕೆಜಿ ಸಾರಜನಕ, ಅದು ಮೊದಲನೇ ವರ್ಷನ ಪೂರ್ತಿ ಸಿಗಂಗಿಲ್ಲ, ನಿಧಾನಕ್ಕ ಬಿಡತೈತಿ. ಇದರ ಮ್ಯಾಲ ಮೊದಲಿನಷ್ಟಽ ಯೂರಿಯಾ ಸುರದ್ರ ಹೆಚ್ಚಾದದ್ದರಾಗ ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಹಾರತೈತಿ, ಗೊಬ್ಬರ ಹಾಕಿದ ಗದ್ದಿಗೆ ನಾನು ಎಕರೆಗೆ ಅರ್ಧ ಚೀಲ ಕಮ್ಮಿ ಮಾಡೀನಿ.

ನೆಲ್ಲಿನ ಗದ್ದಿಗೆ ಇನ್ನೊಂದು ಬ್ಯಾರೆ ಮಾತು ಐತಿ. ನೀರು ನಿಂತ ಗದ್ದ್ಯಾಗ ಹಸಿ ಹೆಂಡಿ, ಹಸಿ ಹುಲ್ಲು ತುಳಿದ್ರ ಅದು ಗೋಬರ್ ಗ್ಯಾಸ್ ಪ್ಲಾಂಟ್ ಆದಂಗ, ಗುಳುಗುಳು ಅಂತ ಮೀಥೇನ್ ಗುಳ್ಳಿ ಏಳ್ತಾವ, ಬೇರೂ ಕರ್ರಗಾಗ್ತಾವ. ಕಾಲುವಿಗೆ ನೀರು ಬಿಡೋಕ್ಕಿಂತ ಒಂದು ತಿಂಗಳ ಮೊದ್ಲ, ಗದ್ದಿ ಒಣಾ ಇರುವಾಗನ ಮಾಗಿದ ಗೊಬ್ಬರ ಹಾಕಿ ರೋಟಾವೇಟರ್ ಹೊಡೀರಿ. ಡ್ಯಾಮ್ ತುಂಬೋ ಸುದ್ದಿ ಬಂದ ಮ್ಯಾಲ ಗಡಬಡಿಸಿ ಹಸೀದು ಹಾಕೋಕ್ಕಿಂತ ಈ ಸಲ ಬಿಟ್ಟು ಮುಂದಿನ ಬೆಳಿಗೆ ಇಟ್ಕೊಳ್ಳೋದು ವಾಸಿ.

ಕೋಳಿ ಗೊಬ್ಬರ ಕುಷ್ಟಗಿ ಕಡೆ ದಾಳಿಂಬ್ರಿಗೆ, ಸಿರುಗುಪ್ಪ ಕಡೆ ಮೆಣಸಿನಕಾಯಿಗೆ ಲಾರಿಗಟ್ಲೆ ಬರತೈತಿ. ಒಣಾ ಇದ್ರ ಸುಮ್ನಿರತೈತಿ, ಒಂದು ಮಳಿ ಬಿತ್ತಂದ್ರ ಊರು ಬಿಡಿಸೋ ಘಾಟು, ಮ್ಯಾಲ ನೊಣ. ಇಳಿಸಿದ ದಿನಾನ ತಾಡಪಾಲು ಹೊಚ್ರಿ, ಗಿಡದ ಸುತ್ತ ಚರಿ ತೆಗದು ಹಾಕಿ ಅವತ್ತಽ ಮಣ್ಣು ಎಳೀರಿ, ಬೊಡ್ಡಿಗೆ ತಾಗಿಸಬ್ಯಾಡ್ರಿ.

ಕುರಿ ನಿಲ್ಲಿಸೋದು, ಅಂದ್ರ ಗೊಬ್ಬರಕ್ಕ ಅಂತ ರಾತ್ರಿ ಹೊಲದಾಗ ಕುರಿ ಹಿಂಡು ಕೂಡಿ ಹಾಕೋದು, ನಮ್ಮ ಭಾಗದಾಗ ಇನ್ನೂ ಉಳದೈತಿ, ಕೊಪ್ಪಳ ರಾಯಚೂರು ಕಡೆ ಕೆಂಗುರಿ ಹಿಂಡು, ಆ ಕಡೆ ಬಳ್ಳಾರಿ ಕುರಿ. ಇದರಷ್ಟು ಸಸ್ತಾ ಗೊಬ್ಬರ ಇಲ್ಲ, ಹೇರೋ ಖರ್ಚಿಲ್ಲ, ಉಚ್ಚಿ ಸೀದಾ ಮಣ್ಣಿಗೆ ಇಳೀತೈತಿ. ಆದ್ರ ಹತ್ತು ರಾತ್ರಿ ನಿಲ್ಲಿಸಿ ಕಡೀಕೊಮ್ಮೆ ಹರಗಿದ್ರ ಮೊದಲಿನ ಒಂಬತ್ತು ರಾತ್ರಿದು ಒಣಗಿ ಹೋಗಿರತೈತಿ. ಕುರಿಗಾರರಿಗೆ ಮೊದ್ಲ ಹೇಳಿಬಿಡ್ರಿ, ಅಣ್ಣ, ಕುರಿ ಸುತ್ತ ಕಟ್ಟೋ ಬಲಿ ಜಾಗಾ ದಿನಾ ಬದ್ಲಿ ಮಾಡು, ಸಾಲು ಹಿಡದು ಬಾ ಅಂತ. ಅವರು ಕುರಿ ಬಿಚ್ಚಿ ಮೇಯಾಕ ಹೊಡ್ಕೊಂಡು ಹೋಗೋದು ಎಂಟರ ಸುಮಾರಿಗೆ, ಬಲಿ ಎತ್ತಿದ ಹಿಂದಽ ನಿಮ್ಮ ಕುಂಟಿ ಅಲ್ಲಿ ಹೂಡಿರಬೇಕು, ಬಿಸಿಲು ಏರೋದ್ರಾಗ ಆ ತುಂಡು ಹರಗಿ ಮುಗೀತೈತಿ.